ಕಾಳಜಿ ಇದೆ ಸಾರ್, ಎಷ್ಟನೇ ನಂಬರಲ್ಲಿ?

ರಾಜಕಾರಣಿಗಳಿಗೆ ಭಾಷಣ ಬರೆದುಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷವಾಯಿತು. ಭಾಷಣದ ಜೊತೆಗೆ ಸದನದಲ್ಲಿ ಕೇಳುವ ಪ್ರಶ್ನೆ, ಮಸೂದೆಯ ಟಿಪ್ಪಣಿ, ಪತ್ರಿಕಾ ಹೇಳಿಕೆ, ಯಾರಾದರೂ ತೀರಿಕೊಂಡರೆ ಸಂತಾಪ, ಎಲ್ಲ ನನ್ನ ಟೇಬಲ್ಲಿಗೇ ಬರುತ್ತದೆ. ಪರಿಚಯದವರು ಸಿಕ್ಕಾಗ ಕೇಳುವುದು ಒಂದೇ ಮಾತು: "ಇವರಿಗೆಲ್ಲ ನಿಜವಾಗ್ಲೂ ಕಾಳಜಿ ಇರುತ್ತಾ, ಇಲ್ಲಾ ಬರೀ ನಾಟಕವಾ?"

ನಾಟಕ ಅಂದುಬಿಟ್ಟರೆ ಕೇಳಿದವರಿಗೆ ಸಮಾಧಾನ. ತಮಗೆ ಮೊದಲೇ ಗೊತ್ತಿತ್ತು ಅನ್ನುವ ಖುಷಿ. ಆದರೆ ನಾನು ಕಂಡಿದ್ದು ಹಾಗಿಲ್ಲ.

ಒಬ್ಬರ ಕಥೆ ಹೇಳುತ್ತೇನೆ, ಹೆಸರು ಬೇಡ. ಒಂದು ಕಾರ್ಖಾನೆಯಲ್ಲಿ ಬೆಂಕಿ ಬಿದ್ದಿತ್ತು. ಸುಟ್ಟಗಾಯದ ವಾರ್ಡಿಗೆ ಹೋಗಿ ಬಂದು ಕಾರಿನಲ್ಲಿ ಕೂತರು. ಕ್ಯಾಮೆರಾದವರೆಲ್ಲ ಹೊರಟುಹೋಗಿದ್ದರು. ಮುಂದಿನ ಸೀಟಿನಲ್ಲಿ ನಾನು, ಡ್ರೈವರ್, ಅಷ್ಟೇ. ಹಿಂದಿನಿಂದ ಮೂಗು ಎಳೆಯುವ ಸದ್ದು ಕೇಳಿಸಿತು. ತಿರುಗಿ ನೋಡಲು ನನಗೇ ಸಂಕೋಚ. ಸ್ವಲ್ಪ ಹೊತ್ತಾದ ಮೇಲೆ, "ಬಾಗಿಲಿಗೆ ಹೊರಗಿಂದ ಬೀಗ ಹಾಕಿದ್ರಂತಲ್ಲಯ್ಯಾ" ಅಂದರು. ಆ ದನಿ ನಾಟಕದ್ದಲ್ಲ. ಅವರ ನಾಟಕದ ದನಿ ನನಗೆ ಚೆನ್ನಾಗಿ ಗೊತ್ತು, ಅದಕ್ಕೆ ಮಾತು ಬರೆದುಕೊಡುವವನೇ ನಾನು.

ಆ ಸಂಕಟದಲ್ಲೇ ಒಂದು ಮಸೂದೆ ತಯಾರಾಯಿತು. ಅದರ ಜೀವ ಇದ್ದದ್ದು ಏಳನೇ ಕಲಮಿನಲ್ಲಿ: ಇನ್ಸ್‌ಪೆಕ್ಟರು ಮೊದಲೇ ಹೇಳದೆ ಯಾವಾಗ ಬೇಕಾದರೂ ಕಾರ್ಖಾನೆಯ ಒಳಗೆ ಹೋಗಬಹುದು. ಹೇಳಿ ಬಂದರೆ ಬೀಗ ತೆಗೆದಿಟ್ಟಿರುತ್ತಾರೆ, ಅಲ್ವಾ? ನಾಲ್ಕು ತಿಂಗಳಾದ ಮೇಲೆ ಪಕ್ಷದ ಹಿರಿಯರ ಜೊತೆ ಸಭೆ. ಪಕ್ಷಕ್ಕೆ ದುಡ್ಡು ಕೊಡುವವರಿಗೆ ಏಳನೇ ಕಲಂ ಇಷ್ಟವಿಲ್ಲ ಎಂದು ಯಾರೋ ತಿಳಿಸಿದರು. ನಮ್ಮವರು ಪೆನ್ನು ತೆಗೆದು ಅದಕ್ಕೆ ಗೆರೆ ಎಳೆದರು. ಒಂದು ನಿಮಿಷವೂ ಹಿಡಿಯಲಿಲ್ಲ. ಪರಿಹಾರದ ಮೊತ್ತ ಜಾಸ್ತಿ ಮಾಡಿದ್ದು ಉಳಿಯಿತು, ಸುರಕ್ಷತಾ ದಿನಾಚರಣೆ ಉಳಿಯಿತು, ಪ್ರಶಸ್ತಿಯೊಂದು ಹೊಸದಾಗಿ ಸೇರಿಕೊಂಡಿತು.

ಕಾರಿನಲ್ಲಿ ಅತ್ತದ್ದು ಸುಳ್ಳಾ? ಅಲ್ಲ. ಗೆರೆ ಎಳೆದದ್ದು ಸುಳ್ಳಾ? ಅದೂ ಅಲ್ಲ. ಕಾರ್ಮಿಕರ ಮೇಲೆ ಅವರಿಗೆ ಕಾಳಜಿ ಇತ್ತು, ಆರನೇ ನಂಬರಲ್ಲಿ. ಅದರ ಮೇಲೆ ಮುಂದಿನ ಚುನಾವಣೆಯ ಟಿಕೆಟ್, ಪಕ್ಷದ ಹಿರಿಯರ ಮರ್ಜಿ, ಖರ್ಚಿಗೆ ದುಡ್ಡು, ಎದುರಾಳಿ ಬಣ, ಇನ್ನೊಂದಷ್ಟು ಕೂತಿದ್ದವು. ನಮ್ಮ ನಿಮ್ಮ ಬದುಕೂ ಹೀಗೇ. ಆರೋಗ್ಯದ ಮೇಲೆ ಕಾಳಜಿ ಇಲ್ಲದವರು ಯಾರು? ಆದರೂ ವಾಕಿಂಗ್ ನಾಳೆಯಿಂದ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಹಿಂದೂ ಕೋಡ್ ಬಿಲ್. ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು, ವಿಚ್ಛೇದನದ ಹಕ್ಕು, ಇವೆಲ್ಲ ಅದರಲ್ಲಿದ್ದವು. ನೆಹರೂಗೂ ಅದು ಬೇಕಿತ್ತು, ಕಾನೂನು ಮಂತ್ರಿ ಅಂಬೇಡ್ಕರ್ ಅವರಿಗೂ ಬೇಕಿತ್ತು. ಇಬ್ಬರ ಕಾಳಜಿಯಲ್ಲೂ ಕಲಬೆರಕೆ ಇತ್ತು ಅಂತ ನನಗನ್ನಿಸಿಲ್ಲ. ಆದರೆ ಮೊದಲ ಮಹಾಚುನಾವಣೆ ಹತ್ತಿರ ಬಂದಿತ್ತು, ಸ್ವಂತ ಪಕ್ಷದಲ್ಲೇ ವಿರೋಧ ಜೋರಾಗಿತ್ತು. ನೆಹರೂ ಸದ್ಯಕ್ಕೆ ಬೇಡ ಅಂದರು. ಅಂಬೇಡ್ಕರ್ 1951ರ ಸೆಪ್ಟೆಂಬರ್ 27ರಂದು ರಾಜೀನಾಮೆ ಕೊಟ್ಟರು. ಅವರಿಗೆ ಬೇರೆ ಅಸಮಾಧಾನಗಳೂ ಇದ್ದವು, ಆದರೆ ಕೊನೆಗೆ ಬಾಗಿಲು ದಾಟಿಸಿದ್ದು ಇದೇ ಬಿಲ್ಲು. ಒಬ್ಬರ ಪಟ್ಟಿಯಲ್ಲಿ ಅದು ಎರಡನೆಯದು, ಇನ್ನೊಬ್ಬರ ಪಟ್ಟಿಯಲ್ಲಿ ಮೊದಲನೆಯದು. ಒಂದು ನಂಬರಿನ ವ್ಯತ್ಯಾಸಕ್ಕೆ ಮಂತ್ರಿಗಿರಿ ಹೋಯಿತು.

ಇಲ್ಲಿಗೆ ನಿಲ್ಲಿಸಿದರೆ ಅಂಬೇಡ್ಕರ್ ಪ್ರಾಮಾಣಿಕರು, ನೆಹರೂ ಅಲ್ಲ ಅಂತಾಗುತ್ತದೆ. ಆದರೆ ಮುಂದೇನಾಯಿತು ನೋಡಿ. ಆ ಚುನಾವಣೆಯಲ್ಲಿ ಅಂಬೇಡ್ಕರ್ ಲೋಕಸಭೆಗೆ ನಿಂತು ಸೋತರು. ನೆಹರೂ ಗೆದ್ದರು, ಮೇಲಿದ್ದ ಚಿಂತೆ ಕಳೆಯಿತು, ಎರಡನೆಯದು ಒಂದನೆಯದಾಯಿತು. 1955 ಮತ್ತು 1956ರಲ್ಲಿ ಅದೇ ಮಸೂದೆಯನ್ನು ನಾಲ್ಕು ತುಂಡು ಮಾಡಿ ನಾಲ್ಕು ಕಾಯ್ದೆಗಳಾಗಿ ಪಾಸು ಮಾಡಿಸಿದರು. ರಾಜೀನಾಮೆಯ ಬೆಲೆ ಕಟ್ಟದೆ ಇದನ್ನು ಹೇಳಬಾರದು, ಹಾಗೇ ಕಾದವರನ್ನು ಸುಮ್ನೆ ಬೈಯಲೂ ಬಾರದು.

ಪಟ್ಟಿಯಲ್ಲಿ ಮೇಲಕ್ಕೆ ಹತ್ತಲು ಮೂವತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಂಡ ಕಾಳಜಿಯೂ ಉಂಟು. ಅಮೆರಿಕದ ಲಿಂಡನ್ ಜಾನ್ಸನ್ 1928ರಲ್ಲಿ ಟೆಕ್ಸಾಸ್‌ನ ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಮೇಷ್ಟರಾಗಿದ್ದ. ಆ ಮಕ್ಕಳು ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದದ್ದು ಅವನ ಮನಸ್ಸಿನಿಂದ ಹೋಗಲೇ ಇಲ್ಲವಂತೆ. 1937ರಲ್ಲಿ ಸಂಸತ್ತಿಗೆ ಬಂದ. ಬಂದು ಸುಮಾರು ಇಪ್ಪತ್ತು ವರ್ಷ, ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವ ಪೌರಹಕ್ಕಿನ ಮಸೂದೆಗಳಿಗೆ ವಿರುದ್ಧವಾಗಿಯೇ ನಿಂತ! ಟೆಕ್ಸಾಸ್‌ನ ಬಿಳಿಯರ ಓಟು ಬೇಕಲ್ಲ. ಅಧ್ಯಕ್ಷನಾದ ಮೇಲೆ ಲೆಕ್ಕ ಬದಲಾಯಿತು. ಈಗ ಬೇಕಾದದ್ದು ಇಡೀ ದೇಶದ ಓಟು, ಹೊರಗೆ ಕಪ್ಪು ಜನರ ಹೋರಾಟ ಬೀದಿ ತುಂಬಿತ್ತು. 1964ರಲ್ಲಿ ಪೌರಹಕ್ಕು ಕಾಯ್ದೆಗೆ ಸಹಿ ಹಾಕಿದ, 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆಗೆ. ಆ ವರ್ಷ ಸಂಸತ್ತಿನಲ್ಲಿ ಮಾತಾಡುವಾಗ ಕೊಟುಲಾದ ಮಕ್ಕಳನ್ನು ನೆನೆದ. ಆ ನೆನಪು ನಿಜವೇ ಇರಬೇಕು. ಇಪ್ಪತ್ತು ವರ್ಷದ ವಿರೋಧದ ಓಟುಗಳೂ ಅಷ್ಟೇ ನಿಜ.

ಸರಿ, ಎದೆಯಲ್ಲಿ ಏನೂ ಇಲ್ಲದೆ ಬರೀ ಗಾಳಿ ನೋಡಿ ತೂರಿಕೊಳ್ಳುವವರು? ಅವರೂ ಇದ್ದಾರೆ, ಅವರಿಂದಲೂ ಕೆಲಸ ಆಗುತ್ತದೆ. ಅಮೆರಿಕದ ಅಧ್ಯಕ್ಷನಾಗಿದ್ದ ರಿಚರ್ಡ್ ನಿಕ್ಸನ್ ಪರಿಸರಪ್ರೇಮಿ ಅಂತ ಅವನ ಹತ್ತಿರದವರೂ ಹೇಳಲಾರರು. 1970ರ ಏಪ್ರಿಲ್‌ನಲ್ಲಿ ಮೊದಲ ಭೂಮಿ ದಿನಕ್ಕೆ ಸುಮಾರು ಎರಡು ಕೋಟಿ ಜನ ಹೊರಗೆ ಬಂದರು. ಅದೇ ವರ್ಷ ಮುಗಿಯುವುದರೊಳಗೆ ಪರಿಸರ ಸಂರಕ್ಷಣಾ ಸಂಸ್ಥೆ ಶುರುವಾಯಿತು, ಶುದ್ಧ ಗಾಳಿಯ ಕಾಯ್ದೆಗೆ ಸಹಿಯೂ ಬಿತ್ತು. ಆದರೆ 1972ರಲ್ಲಿ ಶುದ್ಧ ನೀರಿನ ಕಾಯ್ದೆ ಬಂದಾಗ ಖರ್ಚು ಜಾಸ್ತಿ ಎಂದು ವೀಟೋ ಮಾಡಿದ. ಸಂಸತ್ತು ಆ ವೀಟೋವನ್ನು ತಳ್ಳಿಹಾಕಿ ಕಾಯ್ದೆ ತಂದಿತು. ಗಾಳಿ ಬಿದ್ದಾಗ ಉಳಿಯುವವರು ಯಾರು ಅನ್ನುವುದು ಇಂಥ ಕಡೆ ಗೊತ್ತಾಗುತ್ತದೆ.

ನನ್ನ ಕಸುಬಿನಿಂದ ಇನ್ನೊಂದು ಮಾತು. ಹೇಳುತ್ತಾ ಹೇಳುತ್ತಾ ನಂಬಿಬಿಡುವುದು ತೀರಾ ಸಾಮಾನ್ಯ. 1959ರಲ್ಲಿ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಂದ ಬೇಜಾರು ಹಿಡಿಸುವ ಕೆಲಸ ಮಾಡಿಸಿ, ಹೊರಗೆ ಕಾಯುತ್ತಿದ್ದವರಿಗೆ "ತುಂಬಾ ಮಜಾ ಇತ್ತು" ಅಂತ ಸುಳ್ಳು ಹೇಳಿಸಿದರು. ಕೆಲವರಿಗೆ ಅದಕ್ಕೆ 1 ಡಾಲರ್, ಕೆಲವರಿಗೆ 20 ಡಾಲರ್. ಆಮೇಲೆ ಕೇಳಿದರೆ, ಒಂದೇ ಡಾಲರ್ ಪಡೆದವರೇ ಕೆಲಸ ಚೆನ್ನಾಗಿತ್ತು ಅಂದದ್ದು. ಇಷ್ಟು ಪುಡಿಗಾಸಿಗೆ ನಾನು ಸುಳ್ಳು ಹೇಳುತ್ತೇನಾ, ನಿಜವಾಗಿಯೂ ಚೆನ್ನಾಗಿಯೇ ಇತ್ತು ಎಂದು ಮನಸ್ಸು ಒಳಗೇ ರಾಜಿ ಮಾಡಿಕೊಳ್ಳುತ್ತದೆ. ಕೆರೆಗಳ ಬಗ್ಗೆ ಏನೇನೂ ಗೊತ್ತಿಲ್ಲದ ಒಬ್ಬರಿಗೆ ನಾನು ವರ್ಷಗಟ್ಟಲೆ ಕೆರೆ ಭಾಷಣ ಬರೆದುಕೊಟ್ಟೆ. ಈಗ ಅವರು ನನ್ನ ಕರಡಿನಲ್ಲೇ ತಪ್ಪು ತೋರಿಸುತ್ತಾರೆ, ಹೂಳು ತೆಗೆಯುವ ವಿಷಯದಲ್ಲಿ ಜಗಳವನ್ನೂ ಆಡುತ್ತಾರೆ.

ಹಾಗಾಗಿ ಭಾಷಣ ಕೇಳಿ ಯಾರ ಎದೆಯನ್ನೂ ಅಳೆಯಬೇಡಿ, ಅದರ ಗದ್ಗದ ನನ್ನದೇ ಇರಬಹುದು. ನಾನು ನೋಡುವ ಜಾಗಗಳೇ ಬೇರೆ. ಚೌಕಾಸಿಗೆ ಕೂತಾಗ ಮೊದಲು ಕೈಬಿಟ್ಟ ಕಲಂ ಯಾವುದು? ಕಾಯ್ದೆ ಪಾಸಾದ ಮೇಲೆ ಅದರ ನಿಯಮ ಬರೆಯುವ ಕೆಲಸದ ಹಿಂದೆ ಬಿದ್ದವರು ಯಾರು? ಕಾಯ್ದೆ ಬಂದು ನಿಯಮ ಬರದೇ ಉಳಿದರೆ ಅದು ಗೋಡೆಗೆ ಹಾಕಿದ ಫೋಟೋ ಇದ್ದ ಹಾಗೆ. ಕ್ಯಾಮೆರಾ ಇಲ್ಲದ ಸಮಿತಿ ಸಭೆಗೆ ಬಂದು ಮೂರು ಗಂಟೆ ಕೂತವರು ಯಾರು? ಒಬ್ಬ ಸದಸ್ಯರಿದ್ದರು, ಮಾತು ಬಾರದು, ಭಾಷಣಕ್ಕೆ ನಿಂತರೆ ಸಭೆಯೇ ಆಕಳಿಸುತ್ತಿತ್ತು. ಕಿವುಡ ಮಕ್ಕಳ ಶಾಲೆಗಳಲ್ಲಿ ಖಾಲಿ ಬಿದ್ದ ಹುದ್ದೆ ಎಷ್ಟು ಅಂತ ಪ್ರತಿ ಅಧಿವೇಶನದಲ್ಲೂ ಅದೇ ಪ್ರಶ್ನೆ. ಅಧಿಕಾರಿ ವರ್ಗವಾಗಿ ಹೊಸಬರು ಬಂದರೆ ಮತ್ತೆ ಮೊದಲಿಂದ ಶುರು. ಯಾಕೆ ಸಾರ್ ಇಷ್ಟು ಹಟ ಅಂದೆ. "ಶುರು ಮಾಡಿಬಿಟ್ಟಿದೀನಲ್ಲ" ಅಂದರು, ಅಷ್ಟೇ.

ಆ ಕಾರಿನವರು ಮುಂದಿನ ಚುನಾವಣೆಯಲ್ಲಿ ಗೆದ್ದರು, ಆದರೆ ಪಕ್ಷ ಅಧಿಕಾರ ಕಳೆದುಕೊಂಡಿತು. ಒಂದು ರಾತ್ರಿ ಫೋನ್ ಮಾಡಿದರು. "ಆ ಕಾರ್ಖಾನೆ ಬಿಲ್ಲಿನ ಮೊದಲನೇ ಕರಡು ಇದೆಯಾ ನಿನ್ ಹತ್ರ? ಏಳನೇ ಕಲಂ ಇರೋದು. ಈಗ ವಿರೋಧ ಪಕ್ಷದಲ್ಲಿದೀವಲ್ಲ, ಈಗ ಕೇಳಬಹುದು." ದನಿಯಲ್ಲಿ ನಾಚಿಕೆ ಏನೂ ಇರಲಿಲ್ಲ, ಉತ್ಸಾಹವೇ ಇತ್ತು. ಹಳೇ ಫೈಲು ಹುಡುಕಿ ಆ ರಾತ್ರಿಯೇ ಕಳಿಸಿದೆ.