ಸ್ಕ್ರೂ ಕೀಲಿನೊಳಗೆ ಹೋಗಿದೆಯೇ, ಎಕ್ಸ್‌ರೇಯಲ್ಲಿ ಹಾಗೆ ಕಾಣುತ್ತಿದೆಯೇ?

ಪ್ರಶ್ನೆ: ಮಣಿಕಟ್ಟಿನ ಮೂಳೆ ಮುರಿದು, ಅಂಗೈ ಕಡೆಯಿಂದ ಪ್ಲೇಟ್ ಹಾಕಿ ಆರು ವಾರವಾಯಿತು. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಕೀಲಿನೊಳಗೆ ನುಗ್ಗಿದಂತಿದೆ. ಎಂಆರ್‌ಐ ಮಾಡಿಸಬೇಕೇ?

ಉತ್ತರ: ಎಂಆರ್‌ಐ ಮಾತು ಆಮೇಲೆ. ಮೊದಲು, ಆ ಎಕ್ಸ್‌ರೇ ತೆಗೆಯುವಾಗ ಕೈ ಹೇಗಿಟ್ಟಿದ್ದರು ಎಂದು ಕೇಳಿ.

ಹೆಬ್ಬೆರಳಿನ ಕಡೆಯ ಮೂಳೆ ರೇಡಿಯಸ್. ಅದರ ತುದಿ ಸಪಾಟಾಗಿಲ್ಲ. ಹೆಬ್ಬೆರಳಿನ ಕಡೆಯಿಂದ ಕಿರುಬೆರಳಿನ ಕಡೆಗೆ ಸುಮಾರು 22 ಡಿಗ್ರಿ ಇಳಿಜಾರು. ಮುಂಗೈಯನ್ನು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿ ತೆಗೆದರೆ ಕಿರಣ ಆ ಇಳಿಜಾರನ್ನು ಓರೆಯಾಗಿ ಹಾಯುತ್ತದೆ. ಆಗ ಮೂಳೆಯೊಳಗೇ ಭದ್ರವಾಗಿರುವ ಸ್ಕ್ರೂವಿನ ನೆರಳೂ ಕೀಲಿನ ಸಂದಿನ ಮೇಲೆ ಬೀಳುತ್ತದೆ.

ಆದ್ದರಿಂದ ಮೊಣಕೈ ಮೇಜಿಗೆ ತಾಗಿದ್ದು, ಮುಂಗೈ 20ರಿಂದ 23 ಡಿಗ್ರಿ ಮೇಲೆದ್ದಿರಬೇಕು. ಮೊಣಕೈಯಿಂದ ಮಣಿಕಟ್ಟಿಗೆ 25 ಸೆಂ.ಮೀ. ಇದ್ದರೆ ಮಣಿಕಟ್ಟಿನಡಿ 9-10 ಸೆಂ.ಮೀ. ಎತ್ತರದ ಸ್ಪಂಜಿನ ಬೆಣೆ ಬೇಕು. ಒಂದು ಮಡಿಕೆ ಟವೆಲ್ ಇಟ್ಟು ‘ಓರೆ ಮಾಡಿದ್ದೇವೆ’ ಎನ್ನುವುದುಂಟು, ಅದು ಸಾಲದು. ಅಂಗೈ ಕೆಳಗಿಟ್ಟು ತೆಗೆಯುವ ನೋಟದಲ್ಲೂ ಮುಂಗೈ ಸುಮಾರು 11 ಡಿಗ್ರಿ ಎದ್ದಿದ್ದರೆ ಕೀಲಿನ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯಾದ ಕೂಡಲೇ ತೆಗೆದ ಎಕ್ಸ್‌ರೇಯನ್ನೂ ಒಯ್ಯಿರಿ. ಸ್ಕ್ರೂ ಸರಿದಿದೆಯೋ, ಮೂಳೆ ಕುಸಿದಿದೆಯೋ ಎಂಬುದು ಹಳೆಯದರ ಪಕ್ಕ ಇಟ್ಟಾಗಲೇ ತಿಳಿಯುವುದು. ಕಿಟಕಿಗೆ ಹಿಡಿದ ಫಿಲ್ಮ್‌ನ ಮೊಬೈಲ್ ಫೋಟೊದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ತಿಳಿಯದು.

ಅನುಮಾನ ಇನ್ನೂ ಉಳಿದರೆ, ಇಲ್ಲವೇ ಕೈ ತಿರುಗಿಸುವಾಗ ಒಳಗೆ ಏನೋ ಉಜ್ಜಿದಂತಾದರೆ ಸಿಟಿ ಸ್ಕ್ಯಾನ್. ಕೀಲಿನೊಳಗೆ ಇಳಿದ ಸ್ಕ್ರೂ ಮೃದ್ವಸ್ಥಿಯನ್ನು ಕೆರೆಯುತ್ತದೆ, ಹಾಗಾಗಿ ಇಲ್ಲಿ ಕಾಯುವುದು ಒಳ್ಳೆಯದಲ್ಲ. ಸ್ಕ್ಯಾನ್‌ಗೆ ಬೋರಲು ಮಲಗಿ ಕೈಯನ್ನು ತಲೆಯ ಮುಂದಕ್ಕೆ ಚಾಚಬೇಕು. ಮೈ ಪಕ್ಕ ಇಟ್ಟರೆ ಚಿತ್ರ ಕೆಡುತ್ತದೆ. ಚಿತ್ರದ ಪದರ 1 ಮಿ.ಮೀ.ಗಿಂತ ತೆಳುವಾಗಿರಲಿ, ಲೋಹದಿಂದ ಚಿತ್ರದಲ್ಲಿ ಮೂಡುವ ಗೆರೆಗಳನ್ನು ತಗ್ಗಿಸುವ ಸಾಫ್ಟ್‌ವೇರ್ ಬಳಸಲು ಕೇಳಿ. ಟೈಟಾನಿಯಂಗಿಂತ ಸ್ಟೀಲ್ ಪ್ಲೇಟ್ ಹೆಚ್ಚು ಗೆರೆ ಎಬ್ಬಿಸುತ್ತದೆ.

ಎಂಆರ್‌ಐ ಯಂತ್ರ ಪ್ಲೇಟನ್ನು ಕಿತ್ತುಕೊಳ್ಳುತ್ತದೆ ಎಂಬ ಭಯ ಬಹಳ ಜನರಿಗಿದೆ. ಈಗ ಹಾಕುವ ಟೈಟಾನಿಯಂ ಪ್ಲೇಟ್‌ಗಳಿಗೆ ಆ ಅಪಾಯವಿಲ್ಲ. ತೊಂದರೆ ಬೇರೆ: ಲೋಹದ ಸುತ್ತ ಚಿತ್ರ ಕಪ್ಪಾಗುತ್ತದೆ, ನೀವು ನೋಡಬೇಕಾದ ಜಾಗವೇ ಅದು. ಲೋಹದಿಂದ ದೂರದ ಅಸ್ಥಿರಜ್ಜು (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ನೋಡುವುದಿದ್ದರೆ ಮಾತ್ರ ಉಪಯೋಗ, ಅದಕ್ಕೂ 3 ಟೆಸ್ಲಾಗಿಂತ (ಟೆಸ್ಲಾ ಎಂದರೆ ಕಾಂತಬಲದ ಅಳತೆ) 1.5 ಟೆಸ್ಲಾ ಯಂತ್ರ ವಾಸಿ. ಚರ್ಮದ ಹೊರಗೆ ಸರಳು-ಚೌಕಟ್ಟು ಇದ್ದವರ ಲೆಕ್ಕ ಬೇರೆ. ಅದರ ಕಂಪನಿ, ಮಾದರಿ ತೋರಿಸದೆ ಒಳಗೆ ಹೋಗಬಾರದು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಮಣಿಕಟ್ಟಿನ ಹಿಂಬದಿಯಲ್ಲಿ ಲಿಸ್ಟರ್ ಎಂಬ ಉಬ್ಬಿದೆ. ಸ್ಕ್ರೂ ತುದಿ ಒಂದೆರಡು ಮಿ.ಮೀ. ಹೊರಬಂದಿದ್ದರೂ ಪಕ್ಕದ ಎಕ್ಸ್‌ರೇಯಲ್ಲಿ ಅದು ಈ ಉಬ್ಬಿನ ಮರೆಗೆ ಸರಿಯುತ್ತದೆ. ಮಣಿಕಟ್ಟನ್ನು ಪೂರ್ತಿ ಮಡಚಿ, ಮೂಳೆಯ ಉದ್ದಕ್ಕೆ ಕಿರಣ ಹಾಯಿಸಿದರೆ ಬಯಲಾಗುತ್ತದೆ. ಅಷ್ಟು ಮಡಚಲು ನೋವಾದರೆ ಅಲ್ಟ್ರಾಸೌಂಡ್ ಸಾಕು. ಆ ತುದಿ ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಸವೆಸುತ್ತದೆ. ಅಂಗೈ ಕಡೆ ಪ್ಲೇಟಿನ ಅಂಚು ತೀರಾ ಮುಂದೆ ಕೂತಿದ್ದರೆ ಮಡಚುವ ರಜ್ಜುವನ್ನು. ಬೆರಳು ಆಡಿಸುತ್ತಲೇ ಇದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಬಹುದು. ಹೆಬ್ಬೆರಳ ತುದಿ ಮಡಚುವಾಗ ಕಟಕಟ ಎನ್ನುತ್ತಿದ್ದರೆ, ಎಕ್ಸ್‌ರೇ ಚೆನ್ನಾಗಿದೆ ಎಂದುಕೊಂಡು ಮುಂದಿನ ತಾರೀಖಿನವರೆಗೆ ಕಾಯಬೇಡಿ. ಎಕ್ಸ್‌ರೇಯಲ್ಲಿ ಸ್ನಾಯುರಜ್ಜು ಕಾಣುವುದಿಲ್ಲ.