ಮೂಕಿ ಮೇಲೆ ಎಷ್ಟು ಭಾರ?

ನಮ್ಮ ಭಾವನಿಗೆ ಸಕಲೇಶಪುರದ ಕಡೆ ಒಂದಿಷ್ಟು ತೋಟ ಇದೆ, ಹಳೇ ಜೀಪಿದೆ, ಜೀಪಲ್ಲಿ ಮಾತ್ರ ಜಾಗ ಇಲ್ಲ. ಸರಿ, ಕಚ್ಚಾ ದಾರೀಲಿ ಹಿಂದೆ ಎಳ್ಕೊಂಡು ಹೋಗೋಕೆ ಒಂದು ಪುಟ್ಟ ಟ್ರೈಲರ್ ನಾವೇ ಮಾಡ್ಸೋಣ ಅಂತ ಕಾಮಾಕ್ಷಿಪಾಳ್ಯದ ಒಂದು ವೆಲ್ಡಿಂಗ್ ಶಾಪಲ್ಲಿ ಹೋಗಿ ಕೂತ್ವಿ. ನಾನು ಗೀಚ್ಕೊಂಡು ಹೋಗಿದ್ದೆಲ್ಲ ಕಬ್ಬಿಣದ ಲೆಕ್ಕ, ಯಾವ ಟ್ಯೂಬು, ಎಷ್ಟು ದಪ್ಪ, ಎಷ್ಟು ಕೆಜಿ. ಶಾಪಿನ ಯಜಮಾನ್ರು ಅದನ್ನೆಲ್ಲ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಮೂಕಿ ಮೇಲೆ ಎಷ್ಟು ಭಾರ ಕೂರುತ್ತೆ ಸಾರ್?" ಮೂಕಿ ಅಂದ್ರೆ ಗಾಡಿಯಿಂದ ಮುಂದಕ್ಕೆ ಚಾಚಿರೋ, ಎಳೆಯೋದಕ್ಕೆ ಸಿಕ್ಕಿಸೋ ದಂಡ.

ಎತ್ತಿನಗಾಡಿ ಓಡ್ಸಿದೋರಿಗೆ ಇದನ್ನ ಹೇಳ್ಕೊಡ್ಬೇಕಾಗಿಲ್ಲ. ಹಿಂದಕ್ಕೆ ಜಾಸ್ತಿ ತುಂಬಿದ್ರೆ ಮೂಕಿ ಮೇಲಕ್ಕೇಳುತ್ತೆ, ನೊಗ ಹೆಗಲು ಬಿಟ್ಟು ಕೊರಳ ಹಗ್ಗ ಬಿಗಿಯುತ್ತೆ, ಮುಂದಕ್ಕೆ ಜಾಸ್ತಿ ಆದ್ರೆ ಎತ್ತಿನ ಹೆಗಲು ಹುಣ್ಣು. ಏರು ಬಂದಾಗ ಗಾಡಿಯವನು ಮುಂದಕ್ಕೆ ಸರಿದು ಕೂರೋದು ಇದಕ್ಕೇ. ಟ್ರೈಲರಿಗೂ ಅದೇ ನ್ಯಾಯ, ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಕೊಂಡಿ ಮೇಲೆ, ಅಂದ್ರೆ ಮೂಕಿಯ ತುದಿ ಜೀಪಿಗೆ ಸಿಕ್ಕೋ ಜಾಗದ ಮೇಲೆ ಕೂರ್ಬೇಕು.

ನಮ್ಮದು ಕೊಂಡಿಯಿಂದ ಅಚ್ಚಿಗೆ (ಚಕ್ರಗಳ ಆಕ್ಸಲ್ಲಿಗೆ) 2 ಮೀಟರ್, ಒಟ್ಟು 400 ಕೆಜಿ, ಭಾರದ ಕೇಂದ್ರ ಅಚ್ಚಿಗಿಂತ 20 ಸೆಂಟಿಮೀಟರ್ ಮುಂದೆ ಅಂದ್ರೆ 400ನ್ನ 20ರಿಂದ ಗುಣಿಸಿ 200ರಿಂದ ಭಾಗಿಸಿ, 40 ಕೆಜಿ ಬಂತು, ಸರಿಯಾಗಿ 10 ಪರ್ಸೆಂಟ್. ಭಾವ ಬಿಡ್ಬೇಕಲ್ಲ, 20 ಲೀಟರಿನ ಎರಡು ನೀರಿನ ಕ್ಯಾನು ಹಿಂಬಾಗಿಲಿಗೆ ನೇತುಹಾಕೋಣ ಅಂದ. ಅಚ್ಚಿಂದ 1 ಮೀಟರ್ ಹಿಂದೆ 40 ಕೆಜಿ ನೇತಾಡಿದ್ರೆ ಕೊಂಡಿ ಮೇಲಿಂದ 20 ಕೆಜಿ ಎತ್ತಿಬಿಡುತ್ತೆ, ಅರ್ಧಕ್ಕರ್ಧ! ಮನೇಲಿ ತೂಕ ನೋಡ್ಕೊಳ್ಳೋ ಮಷೀನ್ ತಂದು ಕೊಂಡಿ ಕೆಳಗಿಟ್ಟು ತೋರಿಸಿದ ಮೇಲೇ ನಂಬಿದ್ದು.

ಅದ್ರಿಂದ ಆಗೋದೇನು ಅಂದ್ರೆ ಬಾಲ ಅಲ್ಲಾಡೋಕೆ ಶುರುವಾಗುತ್ತೆ. ಟ್ರೈಲರ್ ಸ್ವಲ್ಪ ಪಕ್ಕಕ್ಕೆ ಓಲಿದಾಗ ಟೈರುಗಳು ರೋಡಿಗೆ ಉಜ್ಜಿ ಆ ಓಲಾಟನ ತಡೀತವೆ, ಆದ್ರೆ ಸ್ಪೀಡ್ ಏರಿದಷ್ಟೂ ಆ ತಡೆ ಕಮ್ಮಿ ಆಗ್ತಾ ಹೋಗಿ ಒಂದು ಮಿತಿ ದಾಟಿದ್ರೆ ಒಂದೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತೆ. ಹಿಂದೆ ಭಾರ ಹೇರಿದ್ರೆ ಆ ಮಿತಿ ಇನ್ನೂ ಕೆಳಗಿನ ಸ್ಪೀಡಿಗೇ ಬಂದುಬಿಡುತ್ತೆ. ಹಾಗಂತ ಸಮ ಮಾಡೋಕೆ ಮುಂದೆ ಒಂದಷ್ಟು ಹಿಂದೆ ಒಂದಷ್ಟು ಭಾರ ಇಟ್ರೂ ಆಗಲ್ಲ. ಉದ್ದನೆ ಬಿದಿರಿನ ಎರಡೂ ತುದೀಲಿ ಕೊಡ ಕಟ್ಟಿ ಗಿರ್ರನೆ ತಿರುಗಿಸಿ ನೋಡಿ, ಆಮೇಲೆ ನಿಲ್ಲಿಸಿ ನೋಡಿ, ನಿಲ್ಲಿಸೋದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಭಾರ ಎಲ್ಲ ಅಚ್ಚಿನ ಹತ್ರಾನೇ ಇರ್ಬೇಕು. ಓಲಾಡೋಕೆ ಶುರುವಾದ್ರೆ ಗಾಬರಿಯಾಗಿ ಬ್ರೇಕ್ ತುಳೀಬಾರ್ದು, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡ್ಬೇಕು ಅಷ್ಟೇ.

ಕೊಂಡಿ ಬಗ್ಗೆ ಒಂದು ಮಾತು. ಮಾಮೂಲಿ ಗುಂಡು ಕೊಂಡಿ ಟಾರು ರೋಡಿಗೆ ಸಾಕು, ತೋಟದ ಹಳ್ಳದಲ್ಲಿ ಜೀಪು ಒಂದು ಕಡೆ ಟ್ರೈಲರ್ ಇನ್ನೊಂದು ಕಡೆ ವಾಲಿದಾಗ ಅದು ಒಂದು ಹಂತದ ಮೇಲೆ ತಿರುಗಲ್ಲ, ಆಗ ಮುರಿಯೋ ಸರದಿ ಮೂಕಿದು. ಕೊಕ್ಕೆಗೆ ಬಳೆ ಸಿಕ್ಕಿಸೋ ಥರದ್ದು ಸ್ವಲ್ಪ ಸದ್ದು ಮಾಡುತ್ತೆ, ಆದ್ರೆ ತಿರುಗೋಕೆ ಜಾಗ ಕೊಡುತ್ತೆ. ಚಕ್ರ ಜೀಪಿಂದೇ ಸೈಜು, ಎರಡು ಚಕ್ರದ ನಡುವಿನ ಅಗಲಾನೂ ಅಷ್ಟೇ, ಹಾಗಾಗಿ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತೆ, ಜೀಪಿನ ಜಾಡಲ್ಲೇ ಟ್ರೈಲರೂ ಬರುತ್ತೆ.

ಮೂಕಿಗೆ ತೂತು ಹೊಡೀಬೇಕಂದ್ರೆ ಪಕ್ಕದ ಗೋಡೆಯ ನಡುವೆ ಹೊಡೀಬೇಕು, ಮೇಲೆ ಕೆಳಗೆ ಅಲ್ಲ. ಟ್ಯೂಬು ಬಗ್ಗುವಾಗ ಒಂದು ಮೈ ಹಿಗ್ಗುತ್ತೆ, ಎದುರಿನ ಮೈ ಕುಗ್ಗುತ್ತೆ, ನಡುವಿನ ಗೆರೇಲಿ ಎರಡೂ ಇಲ್ಲ. ವೆಲ್ಡಿಂಗಿಗೂ ಇದೇ ಮಾತು, ಮೇಲಿನ ಕೆಳಗಿನ ಮೈಗೆ ಅಡ್ಡಡ್ಡ ವೆಲ್ಡ್ ಹಾಕಿದ್ರೆ, ಸಾವಿರಾರು ಸಲ ಕುಲುಕಾಡಿದ ಮೇಲೆ ಬಿರುಕು ಬಿಡೋದು ಆ ವೆಲ್ಡಿನ ಅಂಚಿಂದಾನೇ.

ಕ್ಯಾನುಗಳು ಈಗ ಸೀದಾ ಅಚ್ಚಿನ ಮೇಲೆ ಕೂತಿವೆ. ಇಂಜಿನ್ನೇ ಇಲ್ದಿದ್ರೂ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನಾನೇ ಅಂತೆ, ಹಂಗಾಗಿ ರಿಜಿಸ್ಟ್ರೇಷನ್ ಬೇಕೇ ಬೇಕು. ಆ ಕಾಗದದ ಕೆಲಸ ಮುಗಿಯೋವರೆಗೂ ಶಾಪಿನ ಮೂಲೇಲಿ ಮೂಕಿ ಕೆಳಗೆ ಎರಡು ಇಟ್ಟಿಗೆ ಕೊಟ್ಟು ನಿಲ್ಲಿಸಿದೀವಿ.