ಅರ್ಜೆಂಟ್ ಬಂದಾಗ ಓಡಬೇಡಿ

'ಡಾಕ್ಟ್ರೇ, ಪದೇ ಪದೇ ಅರ್ಜೆಂಟಾಗುತ್ತದೆ, ನನ್ನ ಮೂತ್ರಚೀಲ ಚಿಕ್ಕದಾಗಿಬಿಟ್ಟಿದೆ' ಎಂದುಕೊಂಡು ಬರುವವರಿಗೆ ಲೆಕ್ಕವಿಲ್ಲ. ಮೂರು ದಿನ ಅಳತೆ ಪಾತ್ರೆ ಇಟ್ಟುಕೊಂಡು ಬರೆದು ತನ್ನಿ ಎಂದರೆ ಹಲವರ ಹಾಳೆಯಲ್ಲಿ ಹೀಗಿರುತ್ತದೆ: ಹಗಲಲ್ಲಿ ಸಲಕ್ಕೆ 80, 110, 90 ಮಿ.ಲೀ.; ಬೆಳಗ್ಗೆ ಎದ್ದ ಕೂಡಲೇ 400. ಚೀಲ ಚಿಕ್ಕದಾಗಿದ್ದರೆ ಆ 400 ಎಲ್ಲಿ ಹಿಡಿಯಿತು?

ಮೂತ್ರಚೀಲದ ಗೋಡೆ ಹಿಗ್ಗಿದ್ದನ್ನು ನರಗಳು ಬೆನ್ನುಹುರಿಯ ಮೂಲಕ ಮಿದುಳಿನ ಕಾಂಡಕ್ಕೆ ಮುಟ್ಟಿಸುತ್ತವೆ. ಈ ವರದಿ ಸದಾ ಹೋಗುತ್ತಲೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಅದು ಇನ್ಸುಲಾ ಎಂಬ ಭಾಗ ಮುಟ್ಟಿದಾಗ 'ತುಂಬುತ್ತಿದೆ' ಎಂಬ ಅರಿವು. ಸಿಂಗ್ಯುಲೇಟ್ ಭಾಗ ಅದಕ್ಕೆ ತುರ್ತು ಸೇರಿಸುತ್ತದೆ. ಹಣೆಯ ಹಿಂದಿನ ಮುಂಮಿದುಳು 'ಈಗ ಬೇಡ' ಎಂದು ತಡೆ ಹಿಡಿಯುತ್ತದೆ. ಸಾಮಾನ್ಯವಾಗಿ ಮೊದಲ ಅರಿವು 150-200 ಮಿ.ಲೀ.ಗೆ, ಹೋಗಲೇಬೇಕೆನಿಸುವುದು 400ರ ಆಸುಪಾಸಿಗೆ. ಅತಿಚಟುವಟಿಕೆಯ ಮೂತ್ರಚೀಲ (ಪದೇ ಪದೇ ತಡೆಯಲಾಗದ ಅವಸರ ತರುವ ಈ ತೊಂದರೆಗೆ ಇದೇ ಹೆಸರು) ಇರುವವರನ್ನು, ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಎಫ್‌ಎಂಆರ್‌ಐನಲ್ಲಿ ಮಲಗಿಸಿ ಚೀಲ ತುಂಬಿಸುತ್ತಾ ನೋಡಿದ ಅಧ್ಯಯನಗಳಲ್ಲಿ ಇನ್ಸುಲಾ, ಸಿಂಗ್ಯುಲೇಟ್‌ಗಳು ಹೆಚ್ಚು ಕೆರಳುವುದೂ ಮುಂಮಿದುಳಿನ ತಡೆ ಸಡಿಲವಾಗಿರುವುದೂ ಕಂಡಿವೆ. ರೇಡಿಯೊ ಸರಿಯಿದೆ, ವಾಲ್ಯೂಮ್ ಜಾಸ್ತಿ ಇದೆ, ಅಷ್ಟೆ. ಎಲ್ಲರಲ್ಲೂ ಒಂದೇ ಚಿತ್ರ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಹಾಗೆಂದು 'ನನಗೂ ಮಿದುಳಿನ ಸ್ಕ್ಯಾನ್ ಬರೆದುಕೊಡಿ' ಎನ್ನಬೇಡಿ. ಮಾಮೂಲಿ ಎಂಆರ್‌ಐನಲ್ಲಿ ಇದು ಕಾಣುವುದಿಲ್ಲ.

ಹಾಗಾದರೆ ಇದೆಲ್ಲ ಮನಸ್ಸಿನ ಭ್ರಮೆಯೇ ಎಂದು ಮನೆಯವರು ಕೇಳುತ್ತಾರೆ. ಖಂಡಿತ ಅಲ್ಲ. ಬಂದ ಸಂಕೇತ ನಿಜ, ಸಂಕಟವೂ ನಿಜ. ಕೆಲವರಲ್ಲಿ ಚೀಲದ ಸ್ನಾಯು ಅವಧಿಗೆ ಮುಂಚೆ ಹಿಂಡುತ್ತದೆ, ಇನ್ನು ಕೆಲವರಲ್ಲಿ ಚೀಲ ತುಂಬಿಸುತ್ತಾ ಒಳಗಿನ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆಯಲ್ಲೂ ಅಂಥದ್ದೇನೂ ಸಿಗದು.

ಈಗ ನನಗೆ ಸಿಟ್ಟು ತರಿಸುವ ವಿಷಯ. ಅವಸರ ಬಂದ ತಕ್ಷಣ ಓಡುವುದು! ಓಟ ಹೊಟ್ಟೆಯ ಒತ್ತಡ ಏರಿಸುತ್ತದೆ, ಗಾಬರಿ ಅವಸರವನ್ನು ಇಮ್ಮಡಿಸುತ್ತದೆ, ಬಾಗಿಲ ಬಳಿ ಬಟ್ಟೆ ಒದ್ದೆ. ಅವಸರ ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ನೀವು ಓಡುವುದು ಸರಿಯಾಗಿ ಅದು ನೆತ್ತಿಗೇರಿದಾಗ. ನಿಲ್ಲಿ, ಸಾಧ್ಯವಾದರೆ ಕೂತುಬಿಡಿ. ಗ್ಯಾಸ್ ಹೋಗದಂತೆ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುವನ್ನು ಐದಾರು ಸಲ ಪಟಪಟನೆ ಬಿಗಿದು ಸಡಿಲಿಸಿ. ಪ್ರತಿ ಸಲ ಪೂರ್ತಿ ಸಡಿಲಿಸಬೇಕು. ಉಸಿರು ಕಟ್ಟಬಾರದು, ತೊಡೆ, ಪೃಷ್ಠ ಬಿಗಿಯಬಾರದು. ಈ ಬಿಗಿತ ಬಂದರೆ ಚೀಲದ ಸ್ನಾಯು ಪ್ರತಿವರ್ತನೆಯಿಂದ ಸಡಿಲವಾಗುತ್ತದೆ. ಜೊತೆಗೆ ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಗಮನ ಅಲ್ಲಿ ಸಿಕ್ಕಿಕೊಳ್ಳಲಿ. ಅಲೆ ಇಳಿದ ಮೇಲೆ ಮೆಲ್ಲಗೆ ನಡೆದು ಹೋಗಿ. ಮನೆ ಬೀಗಕ್ಕೆ ಕೀಲಿ ಹಾಕುತ್ತಲೇ ತಡೆಯಲಾಗದವರು ಕೀಲಿ ತೆಗೆಯುವ ಮೊದಲೇ ಇದನ್ನು ಮಾಡಬೇಕು. 'ಮಾಡಿದೆ, ಏನೂ ಆಗಲಿಲ್ಲ' ಎನ್ನುವವರಲ್ಲಿ ಬಹುಪಾಲು ಶುರು ಮಾಡುವುದು ಟಾಯ್ಲೆಟ್ ಬಾಗಿಲಲ್ಲಿ ನಿಂತ ಮೇಲೆ.

ಎರಡನೆಯದು, 'ಯಾವುದಕ್ಕೂ ಇರಲಿ' ಎಂದು ಹೊರಡುವ ಮುಂಚೆ, ಊಟಕ್ಕೆ ಮುಂಚೆ, ಬಸ್ಸು ಹತ್ತುವ ಮುಂಚೆ ಹೋಗಿಬರುವುದು. 80 ಮಿ.ಲೀ.ಗೇ ಹೋಗಿ ಹೋಗಿ ಮಿದುಳಿಗೆ ಅದೇ ಅಳತೆ ರೂಢಿಯಾಗುತ್ತದೆ. ಈಗ ಗಂಟೆಗೊಮ್ಮೆ ಹೋಗುತ್ತಿದ್ದರೆ ಈ ವಾರ ಒಂದೂಕಾಲು ಗಂಟೆಗೊಮ್ಮೆ, ಮುಂದಿನ ವಾರ ಒಂದೂವರೆ ಗಂಟೆಗೊಮ್ಮೆ. ಮೂರು ಗಂಟೆ ತಲುಪಿದರೆ ಸಾಕು. ಆರರಿಂದ ಹನ್ನೆರಡು ವಾರ ಹಿಡಿಯಬಹುದು.

ನೀರು ಕುಡಿಯುವುದನ್ನು ಬಿಡಬೇಡಿ. ಮೂತ್ರ ಗಟ್ಟಿಯಾದರೆ ಅದು ಚೀಲವನ್ನು ಕೆರಳಿಸುತ್ತದೆ, ಮಲಬದ್ಧತೆ ಬಂದರೆ ಅದೂ ಒತ್ತುತ್ತದೆ. ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ ದಿನಕ್ಕೆ ಒಂದೂವರೆ, ಎರಡು ಲೀಟರ್ ಇರಲಿ. ಕಾಫಿ, ಟೀ ಕಡಿಮೆ ಮಾಡುವುದಾದರೆ ನಿಧಾನವಾಗಿ. ಒಮ್ಮೆಗೇ ಬಿಟ್ಟರೆ ತಲೆನೋವು.

ಮಾತ್ರೆಗಳಿವೆ. ಆಕ್ಸಿಬ್ಯುಟಿನಿನ್ ಜಾತಿಯವು ಬಾಯಿ ಒಣಗಿಸುತ್ತವೆ, ವಯಸ್ಸಾದವರಲ್ಲಿ ಮರೆವು, ಗೊಂದಲ ತರಬಹುದು. ಮಿರಾಬೆಗ್ರಾನ್ ಕೊಟ್ಟರೆ ಬಿಪಿ ನೋಡುತ್ತಿರಬೇಕು. ಯಾವುದೇ ಆದರೂ ನಾಲ್ಕು ವಾರಕ್ಕೆ ಮುಂಚೆ ತೀರ್ಪು ಬೇಡ. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಪೂರ್ತಿ ಖಾಲಿಯಾಗದ ಭಾವ ಇದ್ದರೆ ಮೊದಲು ಡಾಕ್ಟರು, ಆಮೇಲೆ ಅಭ್ಯಾಸ. ಕಾಲು ಅಥವಾ ಗುಪ್ತಾಂಗದ ಸುತ್ತ ಹೊಸದಾಗಿ ಮರಗಟ್ಟಿದ್ದರೆ ಅದೇ ದಿನ ಹೋಗಿ.